ಊರನ್ನು ಅಳಿಸಬೇಡಿ: ಅನುವಾದಿತ ಕಥಾಸಂಕಲನಗಳ ಸಂಪಾದಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕಪ್ಪು ಅಮೆರಿಕನ್ ಲೇಖಕಿಯರ ಸಣ್ಣಕತೆಗಳನ್ನು ಕನ್ನಡಕ್ಕೆ ತರುತ್ತಿರುವ ಸಂಪಾದಕರು, ಪ್ರಕಾಶಕರು, ವಿಶೇಷಾಂಕ ರೂಪಿಸುವವರು ಮತ್ತು ಪದವಿ ತರಗತಿಗಳ ಪಠ್ಯಪುಸ್ತಕ ಸಮಿತಿಗಳ ಸದಸ್ಯರು, ಎಲ್ಲರಿಗೂ ಸೇರಿಸಿ ಬರೆದ ಪತ್ರ ಇದು. ಬರೆಯುತ್ತಿರುವವರು ಇಂಥ ಕತೆಗಳನ್ನು ಅನುವಾದಿಸುವ, ಕರಡು ತಿದ್ದುವ, ತರಗತಿಯಲ್ಲಿ ಪಾಠ ಮಾಡುವ ಕೆಲವರು. ಯಾವುದೇ ಪುಸ್ತಕದ ಹೆಸರು ಹಿಡಿದು ಜಗಳ ತೆಗೆಯುವ ಉದ್ದೇಶ ನಮಗಿಲ್ಲ. ತಪ್ಪುಗಳು ಎಲ್ಲ ಕಡೆಯೂ ಒಂದೇ ಬಗೆಯವು, ಹಾಗಾಗಿ ಹೆಸರಿನ ಅಗತ್ಯವೂ ಇಲ್ಲ.

ನಮ್ಮ ದೂರು ಇಷ್ಟು. ಈ ಕತೆಗಳು ಮೂಲದಲ್ಲಿ ನಗರದ ಕತೆಗಳು. ಸುಮಾರು 1910ರಿಂದ 1970ರ ನಡುವೆ ಅಮೆರಿಕದ ದಕ್ಷಿಣ ರಾಜ್ಯಗಳಿಂದ ಸುಮಾರು 60 ಲಕ್ಷ ಕಪ್ಪು ಜನ ಉತ್ತರದ ಮತ್ತು ಪಶ್ಚಿಮದ ಊರುಗಳಿಗೆ ಗುಳೆ ಹೋದರು. ನ್ಯೂಯಾರ್ಕಿನ ಹಾರ್ಲೆಮ್, ಬ್ರೂಕ್ಲಿನ್‌ಗಳಲ್ಲಿ, ಷಿಕಾಗೊದ ದಕ್ಷಿಣ ಭಾಗದಲ್ಲಿ ಬೇರು ಬಿಟ್ಟ ಆ ಕುಟುಂಬಗಳ ಹೆಂಗಸರು, ಹುಡುಗಿಯರು ಈ ಕತೆಗಳ ಜೀವ. ಬಾಡಿಗೆ ಎಷ್ಟು, ಬಚ್ಚಲಿಗೆ ಯಾರ ಸರದಿ, ಯಾವ ರಸ್ತೆ ದಾಟಿದರೆ ಯಾರ ಊರು, ಮಳೆ ಬಂದರೆ ತಲೆಗೂದಲಿನ ಗತಿ ಏನು, ಕತೆ ಸಾಗುವುದೇ ಇವುಗಳ ಮೇಲೆ. ಕನ್ನಡಕ್ಕೆ ಬರುವಾಗ ಇವೆಲ್ಲ ಒಂದೊಂದಾಗಿ ಉದುರುತ್ತವೆ. ಕೊನೆಗೆ ಉಳಿಯುವುದು ಊರಿಲ್ಲದ, ಕಾಲವಿಲ್ಲದ, ನಗಲು ಬಾರದ ಒಬ್ಬ ನೊಂದ ಹೆಣ್ಣು. ಮೂಲದಲ್ಲಿ ಅಂಥವಳು ಇಲ್ಲವೇ ಇಲ್ಲ.

ಮೊದಲು ದುಡ್ಡಿನ ಮಾತು. ಟೋನಿ ಕೇಡ್ ಬಂಬಾರಾ ಅವರ 1972ರ ಸಂಕಲನದಲ್ಲಿ ‘ದಿ ಲೆಸನ್’ ಎಂಬ ಕತೆಯಿದೆ. ಕೇರಿಯ ಮಕ್ಕಳನ್ನು ಮಿಸ್ ಮೂರ್ ಎಂಬ ಓದಿದ ಹೆಂಗಸು ಟ್ಯಾಕ್ಸಿ ಮಾಡಿಕೊಂಡು ಫಿಫ್ತ್ ಅವೆನ್ಯೂ ಎಂಬ ಸಿರಿವಂತರ ಬೀದಿಯ ಆಟಿಕೆ ಅಂಗಡಿಗೆ ಕರೆದುಕೊಂಡು ಹೋಗುತ್ತಾಳೆ. ಗಾಜಿನಾಚೆಗಿನ ಆಟಿಕೆ ಹಾಯಿದೋಣಿಯ ಬೆಲೆ 1,195 ಡಾಲರ್. ಕತೆ ಹೇಳುವ ಹುಡುಗಿ ಸಿಲ್ವಿಯಾ ಮನಸ್ಸಿನಲ್ಲೇ ಲೆಕ್ಕ ಹಾಕುವುದು ಮಾತ್ರ ಅಲ್ಲೇ ಕಂಡ 35 ಡಾಲರಿನ ಬೊಂಬೆಯ ಬೆಲೆ ಹಿಡಿದು: ಅಷ್ಟು ದುಡ್ಡಿಗೆ ಮನೆಯ ಹುಡುಗರಿಗೆ ಅಟ್ಟಣಿಗೆ ಮಂಚ ಬರುತ್ತಿತ್ತು, ಮನೆಮಂದಿಯೆಲ್ಲ ಹಳ್ಳಿಯಲ್ಲಿರುವ ಅಜ್ಜನನ್ನು ನೋಡಿ ಬರಬಹುದಿತ್ತು, ಬಾಡಿಗೆಯ ಜೊತೆ ಪಿಯಾನೋ ಬಾಕಿಯೂ ತೀರುತ್ತಿತ್ತು. ಇಡೀ ಕತೆಯ ಪಾಠ ಈ ಅಂಕಿಗಳೊಳಗಿದೆ.

ಅನುವಾದದಲ್ಲಿ ಅಂಕಿಗಳಿಗೆ ಆಗುವ ಅನ್ಯಾಯ ಎರಡು ಬಗೆಯದು. ಒಂದು, 1,195 ಹೋಗಿ ‘ಸಾವಿರಾರು ಡಾಲರ್’ ಆಗುತ್ತದೆ. ಇನ್ನೊಂದು, ಇವತ್ತಿನ ದರಕ್ಕೆ ರೂಪಾಯಿಗೆ ಇಳಿಸುತ್ತಾರೆ. ಆಗ 35 ಡಾಲರ್ ಎಂದರೆ ಮೂರು ಸಾವಿರ ರೂಪಾಯಿಯ ಆಸುಪಾಸು. ಅಷ್ಟಕ್ಕೆ ಬಾಡಿಗೆಯೂ ಪಿಯಾನೋ ಬಾಕಿಯೂ ಹೇಗೆ ತೀರುತ್ತದೆ ಎಂದು ಬೆಂಗಳೂರಿನ ವಿದ್ಯಾರ್ಥಿ ಕೇಳಿದರೆ ಮೇಷ್ಟ್ರ ಬಳಿ ಉತ್ತರವಿಲ್ಲ. ದಯವಿಟ್ಟು ಡಾಲರನ್ನು ಡಾಲರಾಗಿಯೇ ಬಿಡಿ, ಬೇಕಿದ್ದರೆ ಕೂಲಿಯ ಲೆಕ್ಕ ಕೊಡಿ. 1972ರಲ್ಲಿ ಅಮೆರಿಕದ ಫೆಡರಲ್ ಕನಿಷ್ಠ ಕೂಲಿ ಗಂಟೆಗೆ 1.60 ಡಾಲರ್. ಆ ಲೆಕ್ಕದಲ್ಲಿ ಬೊಂಬೆಗೆ ಸುಮಾರು 22 ಗಂಟೆಯ ದುಡಿಮೆ, ದೋಣಿಗೆ ಸುಮಾರು 747 ಗಂಟೆ. ವಾರಕ್ಕೆ 40 ಗಂಟೆಯಂತೆ ಹಿಡಿದರೆ ಹತ್ತಿರ ಹತ್ತಿರ 19 ವಾರ ಉಣ್ಣದೆ ಉಡದೆ ಕೂಡಿಡಬೇಕು. ಮನೆಗೆಲಸದವರಿಗಂತೂ ಆ ಕನಿಷ್ಠ ಕೂಲಿಯ ಕಾಯಿದೆ ಆಗ ಅನ್ವಯವೇ ಆಗುತ್ತಿರಲಿಲ್ಲ. ಅವರನ್ನು ಅದರೊಳಗೆ ಸೇರಿಸಿದ್ದು 1974ರಲ್ಲಿ. ಪುಟದ ಕೆಳಗೆ ಮೂರು ಸಾಲು ಸಾಕು ಇದನ್ನು ಹೇಳುವುದಕ್ಕೆ. ಟ್ಯಾಕ್ಸಿಗೆಂದು ಮಿಸ್ ಮೂರ್ ಕೊಟ್ಟ 5 ಡಾಲರಿನ ನೋಟಿನಲ್ಲಿ ಉಳಿದ 4 ಡಾಲರನ್ನು ಸಿಲ್ವಿಯಾ ಯಾಕೆ ಹಿಂದಿರುಗಿಸುವುದಿಲ್ಲ ಎಂಬುದೂ ಆಗ ಬರೀ ತುಂಟತನವಾಗಿ ಕಾಣುವುದಿಲ್ಲ.

ಇನ್ನು ಮನೆ. ಷಿಕಾಗೊ ಕತೆಗಳಲ್ಲಿ ‘ಕಿಚನೆಟ್’ ಎಂಬುದು ಬರುತ್ತದೆ. ಕನ್ನಡದಲ್ಲಿ ಇದು ಹೆಚ್ಚಾಗಿ ‘ಪುಟ್ಟ ಅಡುಗೆಮನೆ’ ಆಗಿಬಿಡುತ್ತದೆ. ಅದು ಅಡುಗೆಮನೆಯಲ್ಲ, ಒಂದು ಸಂಸಾರ ಇಡಿಯಾಗಿ ಬದುಕುವ ಒಂಟಿ ಕೋಣೆ. ಐದಾರು ಕೋಣೆಯ ಹಳೇ ಮನೆಯನ್ನು ಮಾಲೀಕರು ಹಲಗೆ ಹೊಡೆದು ಬೇರೆಬೇರೆ ಮಾಡಿ, ಒಂದೊಂದರಲ್ಲೂ ಒಂದು ಒಲೆ, ಒಂದು ಐಸ್‌ಪೆಟ್ಟಿಗೆ ಇಟ್ಟು, ಒಂದೊಂದನ್ನೂ ಒಂದೊಂದು ಕುಟುಂಬಕ್ಕೆ ಬಾಡಿಗೆಗೆ ಕೊಡುತ್ತಿದ್ದರು. ಬಚ್ಚಲು, ಕಕ್ಕಸು ಪಡಸಾಲೆಯ ಕೊನೆಯಲ್ಲಿ, ಎಲ್ಲರಿಗೂ ಸೇರಿ ಒಂದೇ. ಅಷ್ಟು ಇಕ್ಕಟ್ಟಾಗಿದ್ದರೂ ಜನ ಬೇರೆ ಕಡೆ ಯಾಕೆ ಹೋಗಲಿಲ್ಲ ಎಂದರೆ, ಕಪ್ಪು ಜನರಿಗೆ ಮಾರುವುದಿಲ್ಲ, ಬಾಡಿಗೆಗೂ ಕೊಡುವುದಿಲ್ಲ ಎಂಬ ಷರತ್ತನ್ನು ಬಿಳಿಯರ ಬಡಾವಣೆಗಳಲ್ಲಿ ಆಸ್ತಿಪತ್ರದಲ್ಲೇ ಬರೆಸಿಕೊಳ್ಳುತ್ತಿದ್ದರು. ಇಂಥ ಷರತ್ತನ್ನು ನ್ಯಾಯಾಲಯಗಳು ಜಾರಿ ಮಾಡಕೂಡದೆಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ಈ ಹಿನ್ನೆಲೆ ತಿಳಿಯದಿದ್ದರೆ ಬಚ್ಚಲ ಬಾಗಿಲ ಮುಂದೆ ಕಾಯುವ ಹೆಂಗಸಿನ ಸಿಡುಕು ಓದುಗರಿಗೆ ಸ್ವಭಾವದೋಷದ ಹಾಗೆ ಕಾಣುತ್ತದೆ.

ವಾರದ ದಿನಗಳನ್ನು ಸಹ ಬದಲಾಯಿಸಬೇಡಿ. ಒಡತಿಯ ಮನೆಯಲ್ಲೇ ಉಳಿದು ಕೆಲಸ ಮಾಡುವ ಹೆಂಗಸರಿಗೆ ಸಾಮಾನ್ಯವಾಗಿ ರಜೆ ಸಿಗುತ್ತಿದ್ದುದು ಗುರುವಾರ, ಜೊತೆಗೆ ಭಾನುವಾರ ಒಂದಿಷ್ಟು ಹೊತ್ತು. ಹಾರ್ಲೆಮ್ಮಿನ ಕತೆಯಲ್ಲಿ ಗುರುವಾರ ಸಂಜೆ ಬಂತೆಂದರೆ ಬೀದಿಯಲ್ಲಿ, ಕುಣಿತದ ಹಾಲುಗಳಲ್ಲಿ ಹೆಂಗಸರ ಗುಂಪು, ಇಸ್ತ್ರಿಯಾದ ಬಟ್ಟೆ, ವಾರವಿಡೀ ನುಂಗಿಕೊಂಡ ಮಾತು. ನಮಗೆ ಗುರುವಾರ ಎಂದರೆ ರಾಯರ ದಿನ, ಹಾಗಾಗಿ ಅನುವಾದಕರು ‘ವಾರಾಂತ್ಯ’ ಎಂದು ತಿದ್ದಿಬಿಡುತ್ತಾರೆ. ತಿದ್ದಿದ ಕೂಡಲೇ ಆ ಹೆಂಗಸರ ಕೆಲಸ ಯಾವುದೆಂಬ ಸುಳಿವು ಮಾಯ.

ಕೂದಲ ವಿಷಯದಲ್ಲಿ ಆಗುವ ಎಡವಟ್ಟುಗಳೇ ಎಲ್ಲಕ್ಕಿಂತ ಹೆಚ್ಚು, ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ. ಮೂಲದಲ್ಲಿ ಅಮ್ಮ ಮಗಳ ಕೂದಲನ್ನು ‘ಪ್ರೆಸ್’ ಮಾಡುತ್ತಾಳೆ. ಕನ್ನಡದಲ್ಲಿ ‘ತಲೆ ಬಾಚಿದಳು’ ಎಂದಾಗುತ್ತದೆ. ನಡೆಯುವುದು ಹೀಗೆ: ತಲೆಗೆ ಸ್ನಾನ ಮಾಡಿಸಿ ಕೂದಲನ್ನು ಪೂರ್ತಿ ಒಣಗಿಸಬೇಕು, ಹಸಿ ಉಳಿದರೆ ಬಿಸಿ ಬಾಚಣಿಗೆ ತಾಗಿದಾಗ ಹಬೆಯೆದ್ದು ನೆತ್ತಿ ಸುಡುತ್ತದೆ. ಆಮೇಲೆ ಕೂದಲನ್ನು ಸಣ್ಣ ಸಣ್ಣ ಪಾಲು ಮಾಡಿ ಬುಡಕ್ಕೆ ಪೊಮೇಡ್ ಜಿಡ್ಡು ಸವರುತ್ತಾರೆ. ಲೋಹದ ಬಾಚಣಿಗೆಯನ್ನು ಗ್ಯಾಸ್ ಒಲೆಯ ಉರಿಯ ಮೇಲಿಟ್ಟು ಕಾಯಿಸಿ, ಕಾಗದದ ಮೇಲೋ ಬಿಳಿ ಬಟ್ಟೆಯ ಮೇಲೋ ಒತ್ತಿ ನೋಡುತ್ತಾರೆ. ಕಂದು ಕಲೆ ಬಿದ್ದರೆ ಕಾವು ಜಾಸ್ತಿ, ಆರಿಸಬೇಕು. ಕಿವಿಯ ಹತ್ತಿರ ಬಂದಾಗ ಹುಡುಗಿ ತನ್ನ ಕಿವಿಯನ್ನು ತಾನೇ ಮಡಚಿ ಹಿಡಿದುಕೊಂಡು ಉಸಿರು ಬಿಗಿಹಿಡಿಯುತ್ತಾಳೆ. ಎಲ್ಲಕ್ಕಿಂತ ಕಷ್ಟ ಹಿಂಗತ್ತಿನ ಗಿಡ್ಡ ಕೂದಲು. ಬಾಚಣಿಗೆ ಚರ್ಮಕ್ಕೆ ತಾಗುವುದು ಅಲ್ಲೇ. ಕೆಲಸ ಮುಗಿಯುವಷ್ಟರಲ್ಲಿ ಕೋಣೆ ತುಂಬ ಜಿಡ್ಡು ಸುಟ್ಟ ವಾಸನೆ.

ಇಷ್ಟು ಕಷ್ಟಪಟ್ಟು ನೇರ ಮಾಡಿದ ಕೂದಲು ನೀರು, ಬೆವರು, ಮಳೆ ತಾಗಿದರೆ ಮತ್ತೆ ಗುಂಗುರಿಗೆ ಮರಳುತ್ತದೆ. ಬೇಸಿಗೆಯಲ್ಲಿ ಬೀದಿಯ ಅಗ್ನಿಶಾಮಕ ನಲ್ಲಿ ತೆರೆದು ಹುಡುಗರೆಲ್ಲ ನೆನೆಯುವಾಗ ಒಬ್ಬಳು ಮಾತ್ರ ಮೆಟ್ಟಿಲ ಮೇಲೆ ಕುಳಿತಿದ್ದರೆ, ಮೂಲದ ಓದುಗರಿಗೆ ಕಾರಣ ಗೊತ್ತು: ನಿನ್ನೆ ತಾನೇ ಕೂದಲು ಒತ್ತಿಸಿಕೊಂಡಿದ್ದಾಳೆ, ನೆನೆದು ಹೋದರೆ ಅಮ್ಮನ ಕೈಲಿ ಏಟು ಬೀಳುತ್ತದೆ. ‘ತಲೆ ಬಾಚಿದಳು’ ಎಂದು ಓದಿದ ನಮ್ಮವರಿಗೆ ಆಕೆ ಒಂಟಿ, ಬೇರೆ ಮಕ್ಕಳು ಸೇರಿಸಿಕೊಂಡಿಲ್ಲ, ಪಾಪ. ಇಲ್ಲದ ದುಃಖವನ್ನು ಅನುವಾದ ಹುಟ್ಟಿಸುವುದು ಹೀಗೆ. ಟಿಪ್ಪಣಿಯೂ ಬೇಕಿಲ್ಲ ಇದಕ್ಕೆ, ‘ಬಿಸಿ ಬಾಚಣಿಗೆಯಲ್ಲಿ ಕೂದಲು ಒತ್ತಿದಳು’ ಎಂದರೆ ಮುಗಿಯಿತು.

ಮೈಬಣ್ಣವನ್ನೂ ಇದೇ ರೀತಿ ಸಪಾಟು ಮಾಡುತ್ತೀರಿ. ಎಷ್ಟೋ ಕತೆಗಳಲ್ಲಿ ಜಗಳ ಬಿಳಿಯರ ಜೊತೆಗಲ್ಲ. ಒಂದೇ ಮನೆಯ ತಿಳಿಬಣ್ಣದ ಅಕ್ಕ, ಕಡುಬಣ್ಣದ ತಂಗಿಯ ನಡುವೆ. ಇಬ್ಬರನ್ನೂ ‘ಕಪ್ಪು ಹುಡುಗಿ’ ಎಂದು ಕರೆದರೆ ಜಗಳಕ್ಕೆ ಕಾರಣವೇ ಸಿಗುವುದಿಲ್ಲ. ಎಣ್ಣೆಗಪ್ಪು, ಗೋಧಿಬಣ್ಣ ಎಂದು ಮದುವೆಯ ಜಾಹೀರಾತಿನಲ್ಲಿ ಅಷ್ಟು ಚೊಕ್ಕವಾಗಿ ಬರೆಯುವ ಭಾಷೆಗೆ ಇಲ್ಲಿ ಮಾತು ಸಿಗಲಿಲ್ಲ ಎಂದರೆ ನಂಬುವುದು ಕಷ್ಟ.

ಇನ್ನು ಆಡುಮಾತು. ಇಲ್ಲಿ ನಮ್ಮಲ್ಲೇ ಒಮ್ಮತವಿಲ್ಲ, ಆದರೂ ಎರಡು ಮಾತನ್ನು ಎಲ್ಲರೂ ಒಪ್ಪುತ್ತೇವೆ. ಮೊದಲನೆಯದು, ಕಪ್ಪು ಜನರ ಇಂಗ್ಲಿಷ್ ‘ತಪ್ಪು ಇಂಗ್ಲಿಷ್’ ಅಲ್ಲ, ಅದಕ್ಕೆ ತನ್ನದೇ ಕಟ್ಟುನಿಟ್ಟು ವ್ಯಾಕರಣವಿದೆ. ‘ಶೀ ವರ್ಕಿಂಗ್’ ಎಂದರೆ ಈಗ ಕೆಲಸದಲ್ಲಿದ್ದಾಳೆ. ‘ಶೀ ಬೀ ವರ್ಕಿಂಗ್’ ಎಂದರೆ ದಿನಾ ಅದೇ ಪಾಡು. ಶಿಷ್ಟ ಇಂಗ್ಲಿಷಿಗೆ ಇದನ್ನು ಹೇಳಲು ಬೇರೆ ಪದ ಸೇರಿಸಬೇಕು. ಕನ್ನಡದಲ್ಲಿ ‘ಮಾಡ್ತಿದಾಳೆ’, ‘ಮಾಡ್ತಿರ್ತಾಳೆ’ ಎಂದು ಕ್ರಿಯಾಪದದಲ್ಲೇ ಬಂದುಬಿಡುತ್ತದೆ. ಇಷ್ಟು ಸಲೀಸಾಗಿ ಸಿಗುವುದನ್ನು ಬಿಟ್ಟು ಎರಡಕ್ಕೂ ‘ಕೆಲಸ ಮಾಡುತ್ತಾಳೆ’ ಎಂದು ಗ್ರಂಥಸ್ಥ ಕನ್ನಡದಲ್ಲಿ ಬರೆಯುವುದು ಸೋಮಾರಿತನ.

ಎರಡನೆಯದು, ಇವರ ಬಾಯಿಗೆ ಹಳ್ಳಿ ಕನ್ನಡ ತುರುಕಬೇಡಿ. ಸಿಲ್ವಿಯಾಳಿಗೆ ಹಳ್ಳಿ ಎಂದರೆ ಅಜ್ಜ ಇರುವ ದೂರದ ಜಾಗ. ಆಕೆ ಪೇಟೆಯಲ್ಲಿ ಬೆಳೆದ, ಮಾತು ಬಲ್ಲ, ಬೈಗುಳ ಬಲ್ಲ ಹುಡುಗಿ. ಅವಳಿಗೆ ಮಂಡ್ಯದ್ದೋ ಕಲಬುರ್ಗಿಯದ್ದೋ ಗ್ರಾಮ್ಯ ಕೊಟ್ಟರೆ ಕನ್ನಡದ ಓದುಗರ ಕಣ್ಣಮುಂದೆ ಹೊಲ, ಬದು, ಹಟ್ಟಿ ಬರುತ್ತವೆಯೇ ಹೊರತು ಟ್ಯಾಕ್ಸಿ ಮೀಟರು ಬರುವುದಿಲ್ಲ. ನಗರದ ಕೇರಿಗಳಲ್ಲಿ ಹುಟ್ಟಿ ಬೆಳೆದ ಮಕ್ಕಳು ಆಡುವ ಚುರುಕು ಕನ್ನಡ ನಮ್ಮಲ್ಲೂ ಇದೆ, ಅದನ್ನು ಬಳಸಿ. ಬೈಗುಳ ತೆಗೆಯಬೇಡಿ. ಪಠ್ಯಕ್ಕೆಂದು ತೆಗೆಯಲೇಬೇಕಾದರೆ ತೆಗೆದಿದ್ದೇವೆಂದು ಒಂದು ಸಾಲು ಮುದ್ರಿಸಿ.

ಏಕವಚನ, ಬಹುವಚನದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಇಂಗ್ಲಿಷಿನಲ್ಲಿ ಎಲ್ಲರೂ ‘ಯೂ’. ಕನ್ನಡದಲ್ಲಿ ಅನುವಾದಕರು ಸಾಲು ಸಾಲಿಗೂ ತೀರ್ಮಾನ ಮಾಡಲೇಬೇಕು. ಬಿಳಿ ಒಡತಿ ಮನೆಗೆಲಸದವಳಿಗೆ ‘ನೀವು’ ಎನ್ನುವ ಅನುವಾದಗಳು ನಮ್ಮ ಕಣ್ಣಿಗೆ ಬಿದ್ದಿವೆ. ಸಭ್ಯತೆಗೆಂದು ಹಾಗೆ ಮಾಡಿರಬಹುದು, ಆದರೆ ಇತಿಹಾಸಕ್ಕೆ ಅದು ಸುಳ್ಳು. ಅಲ್ಲಿ ವಯಸ್ಸಾದ ಕಪ್ಪು ಹೆಂಗಸನ್ನೂ ಬರೀ ಮೊದಲ ಹೆಸರು ಹಿಡಿದು ಕೂಗುತ್ತಿದ್ದರು. ಅಲಬಾಮಾದ ನ್ಯಾಯಾಲಯವೊಂದರಲ್ಲಿ ಮೇರಿ ಹ್ಯಾಮಿಲ್ಟನ್ ಎಂಬ ಹೋರಾಟಗಾರ್ತಿ ತನ್ನನ್ನು ‘ಮಿಸ್ ಹ್ಯಾಮಿಲ್ಟನ್’ ಎಂದು ಕರೆಯದ ಹೊರತು ಉತ್ತರಿಸುವುದಿಲ್ಲ ಎಂದದ್ದಕ್ಕೆ ನ್ಯಾಯಾಂಗ ನಿಂದನೆಯ ಶಿಕ್ಷೆಯಾಯಿತು. 1964ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆ ಕಾಲದ ಕತೆಯಲ್ಲಿ ಮಕ್ಕಳು ಒಬ್ಬ ಕಪ್ಪು ಹೆಂಗಸನ್ನು ‘ಮಿಸ್ ಮೂರ್’ ಎನ್ನುವಾಗ ಆ ‘ಮಿಸ್’ಗೆ ತೂಕವಿದೆ. ಅದನ್ನು ‘ಮೂರ್ ಆಂಟಿ’ ಮಾಡಬೇಡಿ.

ಆಲಿಸ್ ಚೈಲ್ಡ್ರೆಸ್ ಅವರ 1956ರ ಪುಸ್ತಕದ ಮಿಲ್ಡ್ರೆಡ್ ಇದಕ್ಕೆ ಒಳ್ಳೆಯ ಪರೀಕ್ಷೆ. ಆಕೆ ನ್ಯೂಯಾರ್ಕಿನಲ್ಲಿ ಮನೆಗೆಲಸ ಮಾಡುವವಳು, ಕೆಲಸ ಮುಗಿಸಿ ಬಂದು ಗೆಳತಿ ಮಾರ್ಜ್ ಜೊತೆ ಮಾತಿಗೆ ಕೂರುತ್ತಾಳೆ. ನಮಗೆ ಕೇಳುವುದು ಮಿಲ್ಡ್ರೆಡ್ ಮಾತು ಮಾತ್ರ, ಮಾರ್ಜ್ ಏನಂದಳೆಂಬುದು ಮಿಲ್ಡ್ರೆಡ್ ಉತ್ತರದಿಂದಲೇ ತಿಳಿಯಬೇಕು. ಒಂದು ಪ್ರಸಂಗದಲ್ಲಿ ಒಡತಿಗೆ ಸದಾ ಕೈಚೀಲ ಅವುಚಿಕೊಂಡೇ ಓಡಾಡುವ ಚಾಳಿ, ಇವಳು ಕದ್ದುಬಿಡುತ್ತಾಳೆಂಬ ಗುಮಾನಿ. ಒಂದು ದಿನ ಏನೋ ಕೆಲಸಕ್ಕೆ ಹೊರಗೆ ಹೋದ ಮಿಲ್ಡ್ರೆಡ್ ಏದುಸಿರು ಬಿಡುತ್ತಾ ಓಡಿಬಂದು, ಬಿಟ್ಟುಹೋಗಿದ್ದ ತನ್ನ ಚೀಲವನ್ನು ಗಬಕ್ಕನೆ ಎತ್ತಿಕೊಂಡು ಮತ್ತೆ ಹೊರಡುತ್ತಾಳೆ. ಒಡತಿಗೆ ಅವಮಾನವಾಗಿ, ನಿನ್ನ ಮೇಲೆ ನನಗೆ ಅಪನಂಬಿಕೆ ಇಲ್ಲ ಎನ್ನುವಂತೆ ಸಮಜಾಯಿಷಿ ಕೊಡುತ್ತಾಳೆ. ಪರವಾಗಿಲ್ಲಮ್ಮ, ನಿಮ್ಮಷ್ಟು ಕಡಿಮೆ ಸಂಬಳ ಕೊಡುವವಳು ನಾನಾಗಿದ್ದರೆ ನಾನೂ ಚೀಲ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದೆ ಎಂಬರ್ಥದಲ್ಲಿ ಮಿಲ್ಡ್ರೆಡ್ ಉತ್ತರ. ಇಲ್ಲಿ ಒಡತಿ ‘ನೀನು’ ಎಂದು, ಮಿಲ್ಡ್ರೆಡ್ ‘ನೀವು’ ಎಂದು ಹೇಳಿದರಷ್ಟೇ ಏಟು ಸರಿಯಾಗಿ ಬೀಳುತ್ತದೆ. ಮಾರ್ಜ್‌ಗೆ ಸಂಭಾಷಣೆ ಹುಟ್ಟಿಸಿ ನಾಟಕ ಮಾಡುವುದು, ಅಥವಾ ಇಡೀ ಪ್ರಸಂಗವನ್ನು ‘ಅವಳು’ ಎಂದು ಕತೆ ಹೇಳುವ ದನಿಗೆ ತಿರುಗಿಸುವುದು, ಇವೆರಡನ್ನೂ ನಿಲ್ಲಿಸಿ. ಇಂಥ ನಗುವಿನ ಕತೆಗಳು ನಿಮ್ಮ ಆಯ್ಕೆಯ ಪಟ್ಟಿಗೆ ಬರುವುದೇ ಅಪರೂಪ ಎಂಬುದನ್ನೂ ಸೇರಿಸುತ್ತೇವೆ. ಬಂಬಾರಾ ಅವರದೇ ಓಟಗಾರ್ತಿ ಹುಡುಗಿಯ ಕತೆಯಿದೆ: ಬುದ್ಧಿ ಬೆಳೆಯದ ಅಣ್ಣನನ್ನು ರಸ್ತೆಯ ಕಡೆಗೆ ಬಿಡದೆ ಗೋಡೆಯ ಬದಿಗೆ ನಡೆಸಿಕೊಂಡು, ಬೀದಿಯಲ್ಲೇ ಉಸಿರಾಟದ ಅಭ್ಯಾಸ ಮಾಡುತ್ತಾ ಹೋಗುವವಳು. ಆಕೆಗೆ ಯಾರ ಕನಿಕರವೂ ಬೇಕಿಲ್ಲ.

ಮುಖಪುಟ ಮತ್ತು ಪ್ರಶ್ನೆಪತ್ರಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾರ್ಲೆಮ್ ಕತೆಗೆ ಸರಪಳಿಯ ಚಿತ್ರ, ಆಫ್ರಿಕಾದ ಮುಖವಾಡ ಬೇಡ. ‘ಕರಿಯರ ನೋವನ್ನು ವಿವರಿಸಿ, 10 ಅಂಕ’ ಎಂಬ ಪ್ರಶ್ನೆಯ ಬದಲು 35 ಡಾಲರಿನ ಲೆಕ್ಕವನ್ನೇ ಕೇಳಿ, ಕತೆ ಓದದವರು ಬರೆಯಲಾರರು. ‘ನೀಗ್ರೋ’ ಎಂಬ ಪದ ಮೂಲದಲ್ಲಿ ಪಾತ್ರಗಳ ಬಾಯಲ್ಲಿ ಬಂದ ಕಡೆ ಇರಲಿ, ನಿಮ್ಮ ಮುನ್ನುಡಿಯಲ್ಲಿ ಬೇಡ.

ಇದು ದೂರದ ಅಮೆರಿಕದ ಮಾತು ಮಾತ್ರ ಎಂದು ಯಾರಾದರೂ ಅಂದುಕೊಂಡರೆ, 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಆದದ್ದನ್ನು ನೆನಪಿಸಿಕೊಳ್ಳಲಿ. ಆಫ್ರಿಕಾದ ಬೇರೆ ದೇಶದ ಬೇರೊಬ್ಬ ಗಂಡಸು ಮಾಡಿದ ಅಪಘಾತಕ್ಕೆ, ಆಮೇಲೆ ಆ ದಾರಿಯಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು. ಒಬ್ಬರನ್ನೊಬ್ಬರು ಬೇರೆಯೆಂದು ಗುರುತಿಸಲಾಗದ ಕಣ್ಣಿಗೆ ಅನುವಾದಗಳು ಇನ್ನೂ ಪೊರೆ ಕಟ್ಟುವುದು ಬೇಡ.

2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ ದೀಪಾ ಭಾಸ್ತಿ ಅವರ ಅನುವಾದದಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಹಿಗ್ಗಿದೆವು. ಆ ಇಂಗ್ಲಿಷಿನಲ್ಲಿ ನಮ್ಮ ಮಾತುಗಳು ಓರೆ ಅಕ್ಷರವಿಲ್ಲದೆ, ಅಡಿಟಿಪ್ಪಣಿಯಿಲ್ಲದೆ ಹಾಗೇ ಉಳಿದಿದ್ದವು. ನಮಗೆ ಸಿಕ್ಕ ಮರ್ಯಾದೆಯನ್ನು ಹಾರ್ಲೆಮ್ಮಿನ ಹುಡುಗಿಗೂ ಕೊಡಿ ಎಂಬುದು ನಮ್ಮ ಕೋರಿಕೆ. ಕತೆಯ ಮೊದಲ ಪುಟದಲ್ಲಿ ಮೂಲ ಪ್ರಕಟಣೆಯ ವರ್ಷ, ಕತೆ ನಡೆಯುವ ಊರು ಹಾಕಿ. ಮೂಲ ಸಂಕಲನದಿಂದಲೇ ಅನುವಾದಿಸಿ, ಶಾಲಾ ಸಂಕ್ಷಿಪ್ತ ರೂಪದಿಂದಲೋ ಗೈಡಿನಿಂದಲೋ ಬೇಡ. ಕರಡನ್ನು ಕಪ್ಪು ಜನರ ಇಂಗ್ಲಿಷ್ ಬಲ್ಲ ಇನ್ನೊಬ್ಬರಿಗೆ ಓದಿಸಿ, ಅವರಿಗೂ ಸಂಭಾವನೆ ಕೊಡಿ. ಅನುವಾದಕರಿಗೆ ಗೌರವ ಪ್ರತಿ ಕೊಟ್ಟು ಕೈತೊಳೆದುಕೊಳ್ಳುವುದು ಸಂಭಾವನೆ ಅಲ್ಲ.

ಕೊನೆಯದಾಗಿ ಅನುಮತಿ. ಭಾರತದ ಕೃತಿಸ್ವಾಮ್ಯ ಕಾಯಿದೆಯಲ್ಲಿ ಲೇಖಕರು ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಹಕ್ಕು ಉಳಿಯುತ್ತದೆ, ಅನುವಾದವೂ ಅದರೊಳಗೇ ಬರುತ್ತದೆ. ಬಂಬಾರಾ ತೀರಿಕೊಂಡದ್ದು 1995ರಲ್ಲಿ, ಹಾಗಾಗಿ 2055ರ ಕೊನೆಯವರೆಗೆ ಅನುಮತಿ ಬೇಕು. ಫ್ರೈ ಸ್ಟ್ರೀಟ್ ಎಂಬ ಕಲ್ಪಿತ ಷಿಕಾಗೊ ಬೀದಿಯ ಕತೆಗಳನ್ನು ಬರೆದ ಮರೀಟಾ ಬಾನರ್ 1971ರಲ್ಲಿ ತೀರಿಕೊಂಡರು, ಅವರು ಬದುಕಿದ್ದಾಗ ಪ್ರಕಟವಾದ ಕತೆಗಳಿಗೆ ಇದೇ ಲೆಕ್ಕದಲ್ಲಿ 2031ರ ಕೊನೆಯವರೆಗೆ. ಜೋರಾ ನೀಲ್ ಹರ್ಸ್ಟನ್ 1960ರಲ್ಲಿ ತೀರಿಕೊಂಡದ್ದರಿಂದ ಅವರು ಬದುಕಿದ್ದಾಗ ಪ್ರಕಟವಾದ ಕತೆಗಳು 2021ರಿಂದ ಇಲ್ಲಿ ಮುಕ್ತ. ಬೋಧನೆಗೆಂದು ಅನುವಾದದ ಪರವಾನಗಿ ಪಡೆಯುವ ದಾರಿ ಕಾಯಿದೆಯಲ್ಲಿದೆ, ಆದರೆ ಅದು ಅರ್ಜಿ ಹಾಕಿ ಪಡೆಯಬೇಕಾದದ್ದು, ಪಠ್ಯಪುಸ್ತಕ ಎಂದಾಕ್ಷಣ ತಾನಾಗಿ ಸಿಗುವುದಲ್ಲ. ಪತ್ರ ಬರೆಯುವಾಗ ಹೆಚ್ಚಾಗಿ ಆಗುವ ತಪ್ಪೆಂದರೆ, ಕತೆ ಸಿಕ್ಕಿದ ಕಾಲೇಜು ಸಂಕಲನದ ಪ್ರಕಾಶಕರನ್ನು ಕೇಳುವುದು. ಅವರ ಬಳಿ ಅನುವಾದದ ಹಕ್ಕು ಸಾಮಾನ್ಯವಾಗಿ ಇರುವುದಿಲ್ಲ. ಆ ಪುಸ್ತಕದ ಕೊನೆಯ ಕೃತಜ್ಞತೆಯ ಪುಟಗಳಲ್ಲಿ ಒಂದೊಂದು ಕತೆಗೂ ಹಕ್ಕುದಾರರ ಹೆಸರಿರುತ್ತದೆ, ಬರೆಯಬೇಕಾದದ್ದು ಅವರಿಗೆ. ಕತೆಯ ಹೆಸರು, ಮೂಲ ಸಂಕಲನ, ಭಾಷೆ ಕನ್ನಡ, ಎಷ್ಟು ಪ್ರತಿ, ಬೆಲೆ ಎಷ್ಟು, ಇ-ಪುಸ್ತಕ ಉಂಟೋ ಇಲ್ಲವೋ, ಎಷ್ಟು ವರ್ಷಕ್ಕೆ, ಇಷ್ಟನ್ನು ಮೊದಲ ಪತ್ರದಲ್ಲೇ ಹೇಳಿ. ಪ್ರತಿಗಳ ಸಂಖ್ಯೆ ಸಣ್ಣದೆಂದು ಮುಚ್ಚಿಡಬೇಡಿ, ಸಣ್ಣದಾದಷ್ಟೂ ಶುಲ್ಕ ಇಳಿಸಲು ಕೇಳುವುದು ಸುಲಭ. ಉತ್ತರ ಬರಲು ತಿಂಗಳುಗಟ್ಟಲೆ ಹಿಡಿಯುವುದುಂಟು. ಮುಂದಿನ ದೀಪಾವಳಿ ವಿಶೇಷಾಂಕಕ್ಕೆ ಇಂಥ ಕತೆ ಹಾಕುವ ಮನಸ್ಸಿದ್ದರೆ ಪತ್ರ ಯುಗಾದಿಯ ಹೊತ್ತಿಗೇ ಹೋಗಬೇಕು.

ಇಂತಿ ನಿಮ್ಮ ವಿಶ್ವಾಸಿಗಳು,
ಕೆಲವು ಅನುವಾದಕರು, ಅಧ್ಯಾಪಕರು ಮತ್ತು ಕರಡು ತಿದ್ದುವವರು